ಅತ್ತೆಯವರನ್ನು ಎಕ್ಸ್‌ಪೋರ್ಟ್ ಮಾಡಿದ್ದು

ಮದುವೆ ವಿಡಿಯೋ ತೆಗೆಯುವವನಿಗೆ ಧನುರ್ಮಾಸದಷ್ಟು ದೊಡ್ಡ ಶತ್ರು ಇನ್ನೊಬ್ಬನಿಲ್ಲ. ಒಂದು ತಾಳಿ ಕಟ್ಟುವ ಹಾಗಿಲ್ಲ, ಒಂದು ಗೃಹಪ್ರವೇಶವಿಲ್ಲ. ಆಲೂರು ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಸ್ಟುಡಿಯೋದಲ್ಲಿ ನಾನೂ ನೊಣಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತೇವೆ. ಹಾಗೆ ಕೂತಿದ್ದಾಗಲೇ, ಎರಡು ಸಾವಿರದ ಏಳನೇ ಇಸವಿಯ ಕೊನೆಯಲ್ಲಿ, ನನಗೆ ಜ್ಞಾನೋದಯವಾಗಿದ್ದು. ಹೊರದೇಶದಲ್ಲಿ ಒಂದು ಕಂಪನಿ ಇದೆಯಂತೆ. ನಾವು ತೆಗೆದ ಚಿಕ್ಕ ಚಿಕ್ಕ ದೃಶ್ಯಗಳನ್ನು ಇಂಟರ್‌ನೆಟ್ಟಿನಲ್ಲಿ ಕಳಿಸಿದರೆ ತನ್ನ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತದೆ, ಸಿನಿಮಾದವರು, ಜಾಹೀರಾತಿನವರು ಬಂದು ಬೇಕಾದ್ದನ್ನು ಕೊಂಡು ಹೋಗುತ್ತಾರೆ. ಮೋಡ, ಹಸು, ಎಲೆ ಮೇಲಿನ ಹನಿ, ಏನಾದರೂ ಆದೀತು.

"ಹಸ ನಡಿಯೋದ್ನ ಕಾಸು ಕೊಟ್ಟು ನೋಡ್ತಾರಾ?" ಅಂದಳು ನನ್ನ ಹೆಂಡತಿ ಶೀಲಾ. (ಇವಳು ನಮ್ಮ ಸ್ಟುಡಿಯೋದ ಫೋಟೋ ಕತ್ತರಿಸುವ ವಿಭಾಗ, ಹಣಕಾಸು ವಿಭಾಗ ಮತ್ತು ವಿರೋಧ ಪಕ್ಷ.)

"ನಿಂಗೆ ಇವೆಲ್ಲ ಗೊತ್ತಾಗಲ್ಲ, ಸುಮ್ನಿರು."

"ಗೊತ್ತಾಗಲ್ಲ ಸರಿ. ಈ ತಿಂಗಳು ಕೆಲಸಾನೂ ಇಲ್ವಲ್ಲ, ನಾನು ಅವ್ವನ ಮನೆಗಾದ್ರೂ ಹೋಗಿ ಬರ್ಲಾ?"

"ನೀನು ಹೋದ್ರೆ ಅಂಗ್ಡಿ ನೋಡೋರು ಯಾರು? ನಾನು ಅಂತಾರಾಷ್ಟ್ರೀಯ ಮಟ್ಟದಾಗೆ ಕೆಲ್ಸ ಮಾಡ್ಬೇಕು."

ಮೊದಲ ದೃಶ್ಯ ಬೆಟ್ಟದ ಮಂಜು. ಮೂಲೆಯಲ್ಲಿ 'ಸುನಿಲ್‌ಕುಮಾರ್ ಡಿಜಿಟಲ್ ವಿಡಿಯೋಸ್, ಆಲೂರು' ಅಂತ ಬಣ್ಣದಲ್ಲಿ ಹೆಸರು ಬರೆದು, ಬೆಟ್ಟದ ಮೇಲೆ ಎರಡು ಗಿಳಿ ಹಾರಿಸಿ, ಕೊನೆಗೆ ಒಂದು ಗುಲಾಬಿ ಅರಳಿಸಿ ಕಳಿಸಿದೆ. ಗಿಳಿ, ಗುಲಾಬಿ ಇಲ್ಲದೆ ನಮ್ಮ ತಾಲ್ಲೂಕಿನಲ್ಲಿ ಯಾವ ವಿಡಿಯೋವೂ ಮನೆ ಮುಟ್ಟಿದ್ದಿಲ್ಲ. ಆದರೆ ಕಂಪನಿಯವರು ತಿರಸ್ಕರಿಸಿದರು. ಅಕ್ಷರ ಬೇಡ, ಪಕ್ಷಿ ಬೇಡ, ಚಿತ್ರದಲ್ಲಿ ಗೆರೆ ಗೆರೆ ಬರುತ್ತಿದೆ, ಎಕ್ಸ್‌ಪೋರ್ಟ್ ಮಾಡುವಾಗ ಸೆಟ್ಟಿಂಗು ಸರಿಯಾಗಿ ಆರಿಸಿ ಎಂದು ಬರೆದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ವನವಾಸ. ಎಕ್ಸ್‌ಪೋರ್ಟ್ ಅಂತ, ಅಂದರೆ ದೃಶ್ಯವನ್ನು ಕಳಿಸುವಂಥ ಫೈಲಾಗಿ ಮಾಡು ಅಂತ, ಒತ್ತಿದರೆ ಕಂಪ್ಯೂಟರಿನ ತುಂಬ ಪ್ರಶ್ನೆಗಳೇ. ಚಿತ್ರದ ಅಳತೆ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮು, ಯಾವ ಫಾರ್ಮ್ಯಾಟು, ಗುಣಮಟ್ಟ ನೂರೋ ತೊಂಬತ್ತೋ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೂ ಇಷ್ಟು ಕೇಳುವುದಿಲ್ಲ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಅರ್ಧ ದಿನ ಕಾದು ಇನ್ನೇನು ಮುಗಿಯಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ನನಗೆ ಅನ್ನ ರುಚಿಸಲಿಲ್ಲ, ಶೀಲಾಳ ಮಾತು ಮೊದಲೇ ರುಚಿಸುತ್ತಿರಲಿಲ್ಲ.

ಅವರ ನಿಯಮಗಳಲ್ಲಿ ನನಗೆ ಇಷ್ಟವಾದದ್ದು ಒಂದೇ. ದೃಶ್ಯದಲ್ಲಿ ಸದ್ದು ಇರಬಾರದು. ಸದ್ದು ಎಂಬ ಪುಟ್ಟ ಚೌಕದಲ್ಲಿ ಒಂದು ಟಿಕ್ ಇರುತ್ತೆ, ಅದನ್ನು ತೆಗೆದರೆ ಮುಗಿಯಿತು. ಇಷ್ಟು ವರ್ಷ ವಾಲಗದ ಪಕ್ಕ ನಿಂತು ಕಿವಿ ಕಳೆದುಕೊಂಡವನಿಗೆ ಇದು ಮೋಕ್ಷದ ಹಾಗೆ ಕಂಡಿತು.

ಆಮೇಲೆ ಹೊಳೆದವರು ನಮ್ಮ ಅತ್ತೆ, ಶೀಲಾಳ ಅವ್ವ, ಹೊಂಗಡಹಳ್ಳದ ತಾಯಮ್ಮ. ಬಾಗಿದ ಬೆನ್ನು, ಮುಖದ ತುಂಬ ಸುಕ್ಕು, ಎಳೆಬಿಸಿಲು, ಕಣದ ತುಂಬ ಒಣಗಲು ಹಾಕಿದ ಕೆಂಪು ಕಾಫಿ ಹಣ್ಣು. ಹೊರದೇಶದವರಿಗೆ ಇನ್ನೇನು ಬೇಕು? ಶೀಲಾಳನ್ನು ಅಂಗಡಿಯಲ್ಲಿ ಕೂರಿಸಿ ನಾನೊಬ್ಬನೇ ಕ್ಯಾಮೆರಾ ಹೊತ್ತು ಹೋದೆ.

ಅತ್ತೆ ಕಾಲಿನಲ್ಲಿ ಹಣ್ಣು ಕೆದಕುತ್ತ ಬಂದರು, ಬಾಯಿ ಮಾತ್ರ ನಿಲ್ಲಲಿಲ್ಲ.

"ಅಳಿಯಂದ್ರೇ, ನಾನು ಮಾತಾಡಿದ್ರೆ ನಿಮ್ಮ ಪಿಚ್ಚರ್ ಕೆಡ್ತೈತಾ?"

"ಇಲ್ಲ ಅತ್ತೆ, ನೀವು ಮಾತಾಡ್ಕಳಿ. ಸದ್ದು ಹೆಂಗೂ ತೆಗೆದುಬುಡ್ತೀನಿ," ಅಂದೆ. ಅವರು ಮಾತಾಡಿದರು, ನಾನು ಬಿಸಿಲು ನೋಡುತ್ತ ಹೂಂ ಹೂಂ ಅಂದೆ.

ಆ ದೃಶ್ಯವನ್ನು ಎಷ್ಟು ಬಗೆಯ ಸೆಟ್ಟಿಂಗಿನಲ್ಲಿ ಹಾಕಿ ನೋಡಿದೆನೋ ಲೆಕ್ಕವಿಲ್ಲ. ಸದ್ದು ತೆಗೆಯುವ ಹೊತ್ತಿಗೆ ಅತ್ತೆಯ ಮಾತು ನನಗೆ ಬಾಯಿಪಾಠವಾಗಿತ್ತು. ಗೆರೆ ಹೋಯಿತು, ಅಳತೆ ಕೂಡಿತು, ಟಿಕ್ ತೆಗೆದೆ, ಕಳಿಸಿದೆ. ಕಳಿಸಿದ್ದನ್ನೇ ನನಗೊಂದು ಕಾಪಿ ಡಿವಿಡಿಗೆ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಜಾಗವಿಲ್ಲ ಅಂತ ಉಳಿದದ್ದೆಲ್ಲ ಅಳಿಸಿದೆ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾದ ಕೂಡಲೇ ಅತ್ತೆಯನ್ನು ತೆಗೆದಿದ್ದ ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೇ ಪಾಳ್ಯದ ಒಂದು ಮದುವೆ ತೆಗೆದೆ. (ಒಂದು ಕ್ಯಾಸೆಟ್ಟಿನಲ್ಲಿ ಮೂರು ಮದುವೆ ಮಾಡಿಸುವುದು ನಮ್ಮ ವೃತ್ತಿಧರ್ಮ.)

ಶಿವರಾತ್ರಿ ಮುಗಿದ ವಾರ ಅತ್ತೆ ಎದೆನೋವು ಅಂದರಂತೆ. ಸಕಲೇಶಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಶೀಲಾ ಅತ್ತಿದ್ದನ್ನು ನಾನು ಬರೆಯಲಾರೆ. ಅತ್ತು ಅತ್ತು ಸುಸ್ತಾದ ಮೇಲೆ ಬಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದಳು. "ನಮ್ಮನೇರು ಅವ್ವನ ಪಿಚ್ಚರ್ ತೆಗೆದವ್ರೆ. ಅವ್ವ ಮಾತಾಡೈತಂತೆ ಅದ್ರಾಗೆ. ಹನ್ನೊಂದ್ನೇ ದಿನ ಎಲ್ರಿಗೂ ಕೇಳುಸ್ತೀನಿ. ಅವ್ವನ ದನಿ ಒಂದು ಉಳ್ಕಂತಲ್ಲ, ಅಷ್ಟೇ ಸಾಕು ನಂಗೆ."

ಹೆಣದ ಮುಂದೆ ಕೂತು ನನಗೆ ಬೆವರು ಇಳಿಯಿತು. ಜನ, ಅಳಿಯನಿಗೆ ಎಷ್ಟು ದುಃಖ ಅಂದುಕೊಂಡರು.

ಮಣ್ಣು ಮಾಡಿ ಬಂದವನೇ ಸ್ಟುಡಿಯೋಗೆ ಓಡಿ ಕ್ಯಾಸೆಟ್ಟು ಹಾಕಿದೆ. ಅತ್ತೆ ಇದ್ದ ಜಾಗದಲ್ಲೆಲ್ಲ ಪಾಳ್ಯದವರು ಉಣ್ಣುತ್ತಿದ್ದರು. ಒಬ್ಬರು ಪಾಯಸ ಇನ್ನೊಂದು ಸೌಟು ಹಾಕಿಸಿಕೊಂಡರು. ಮದುವೆ ಮುಗಿದ ಮೇಲೆ ಹಳೆಯದು ಒಂದು ತುಣುಕು ಉಳಿದಿತ್ತು. ಎದ್ದು ಕೂತೆ. ಖಾಲಿ ಕಣ, ಬಿಸಿಲು, ನನ್ನದೇ ದನಿ: "ಆಯ್ತು ಅತ್ತೆ, ಇನ್ನು ಮಾತು ಸಾಕು." ಅಷ್ಟೇ.

ಹನ್ನೊಂದನೇ ದಿನ ಎಡೆ ಇಟ್ಟು, ಊಟವಾಗಿ, ಹೊಂಗಡಹಳ್ಳದ ಮನೆಯಲ್ಲಿ ನೆಂಟರೆಲ್ಲ ಟಿವಿ ಮುಂದೆ ಕೂತರು. ಶೀಲಾಳ ತಮ್ಮ ಧರ್ಮ ಡಿವಿಡಿ ಹಾಕಿದ. ಅತ್ತೆ ಬಂದರು. ಒಂದು ಗೆರೆ ಇಲ್ಲ, ಒಂದು ಚುಕ್ಕಿ ಇಲ್ಲ, ಕಣ್ಣಿನ ಸುಕ್ಕು ಸಮೇತ ಕಾಣುತ್ತಿತ್ತು. ತುಟಿ ಅಲ್ಲಾಡುತ್ತಿತ್ತು.

"ವಾಲ್ಯೂಮ್ ಕೊಡೋ ಧರ್ಮ," ಅಂದಳು ಶೀಲಾ.

ಕೊಟ್ಟ. ಪೂರ್ತಿ ಕೊಟ್ಟ. ಟಿವಿಯ ತಲೆ ಮೇಲೆ ಎರಡು ಏಟೂ ಕೊಟ್ಟ. ಕೊನೆಗೆ ನಾನೇ ಬಾಯಿ ಬಿಡಬೇಕಾಯಿತು.

"ಕಂಪ್ನಿಯೋರಿಗೆ ಸದ್ದು ಬ್ಯಾಡ್ವಂತೆ. ಅಲ್ಲೊಂದು ಟಿಕ್ ಇರ್ತೈತೆ, ತೆಗೀಬೇಕು."

"ಅವ್ವನ ಮಾತೂ ತೆಗೆದ್ರಾ?"

"ಅದು ಬೇರೆ ಬೇರೆ ತೆಗಿಯಾಕೆ ಬರಲ್ಲ ಕಣೆ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ನೀವು ಕೇಳಿದ್ದೀರಲ್ಲ. ಅವ್ವ ಏನಂತೈತೆ, ಹೇಳಿ," ಅಂದಳು. ಧರ್ಮ ಮತ್ತೆ ಮೊದಲಿನಿಂದ ಹಾಕಿದ.

ನಾನು ಗಂಟಲು ಸರಿಮಾಡಿಕೊಂಡೆ. "ಅತ್ತೆ ಹೇಳಿದ್ದು, ಮಗಳು ಸುಖವಾಗವ್ಳೆ, ದೇವ್ರಂಥ ಅಳಿಯ ಸಿಕ್ಕವ್ನೆ, ನಂಗಿನ್ನೇನೂ ಬ್ಯಾಡ ಅಂತ."

ಅತ್ತೆಯ ತಂಗಿ ಭದ್ರಮ್ಮ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ನಮ್ಮಕ್ಕನ ಬಾಯಾಗೆ ಇಂಥ ಮಾತು ಬಂದಿದ್ದು ನಾನು ಹುಟ್ಟಿದಾಗಿಂದ ಕಂಡಿಲ್ಲ," ಅಂದರು. "ಆ ಹುಬ್ಬು ನೋಡಪ್ಪಾ. ಅದು ಹೊಗಳೋ ಹುಬ್ಬಾ? ನಿಜ ಹೇಳು."

ಎಲ್ಲರೂ ನಕ್ಕರು. ಶೀಲಾಳೂ ಒಂದು ಚೂರು ನಕ್ಕಳು. ಆ ನಗು ನೋಡಿ ನನಗೆ ಸುಳ್ಳು ಹೇಳುವ ಶಕ್ತಿ ಹೋಯಿತು. ತುಟಿಗೆ ಸರಿಯಾಗಿ ಹೇಳುತ್ತ ಹೋದೆ.

"ಅಳಿಯಂದ್ರೇ, ಈಚೀಚೆಗೆ ಎದೆ ಹಿಡ್ಕಂಡಂಗೆ ಆಯ್ತದೆ. ಧರ್ಮಂಗೆ ಹೇಳಿದ್ರೆ ಹೆದ್ರುಕಂತಾನೆ. ಶೀಲನ್ನ ಎಲ್ಡು ದಿನ ಕಳ್ಸಿಕೊಡಿ. ದೀಪಾವಳಿಗೂ ಕಳಿಸ್ನಿಲ್ಲ ನೀವು. ಅವ್ಳ ಕೈಲಿ ತಲೆಗೆ ಎಣ್ಣೆ ಹಚ್ಚುಸ್ಕಬೇಕು ಅನ್ನುಸ್ತೈತೆ. ಕೇಳುಸ್ತಾ? ಇಷ್ಟು ಹೇಳ್ತಾ ಇದ್ರೂ ಆ ಪೆಟ್ಟಿಗೇಲಿ ಏನು ನೋಡ್ತಿದ್ದೀರಿ?"

ಧರ್ಮ ತಲೆ ತಗ್ಗಿಸಿ ರಿಮೋಟಿನ ಮೇಲೆ ಬೆರಳು ಆಡಿಸುತ್ತಿದ್ದ. ಭದ್ರಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟರು.

"ನಂಗ್ಯಾಕೆ ಹೇಳ್ಲಿಲ್ಲ?" ಅಂದಳು ಶೀಲಾ.

ಆಗ ಸೆಟ್ಟಿಂಗಿನ ತಲೆನೋವಿತ್ತು. ಆಮೇಲೆ ಮದುವೆ ಸೀಜನ್ನು ಬಂತು. ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತಿತ್ತು, ಬಾಯಿಪಾಠವಾಗಿದ್ದ ಮಾತು ಮರೆಯುವುದು ಹೇಗೆ? ಹೇಳಿದರೆ ಇವಳು ಹೋಗಿಬಿಡುತ್ತಾಳೆ, ಅಂಗಡಿ ಯಾರು ನೋಡುತ್ತಾರೆ ಅಂತ ಸುಮ್ಮನಿದ್ದೆ. ಅದನ್ನೇ ಹೇಳಿದೆ. ಹೇಳುವಾಗ ನನಗೆ ನಾಚಿಕೆಯಾಯಿತು.

"ಅವ್ವ ಎಲ್ಡು ದಿನ ಇರು ಅಂದೈತೆ. ಇದ್ದು ಬತ್ತೀನಿ. ನೀವು ನಡೀರಿ," ಅಂದಳು.

ಆ ಎರಡು ದಿನ ಯುಗಾದಿ ಕಳೆದರೂ ಮುಗಿದಿಲ್ಲ. ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂರು ಹೊತ್ತೂ ಚಿತ್ರಾನ್ನ ತಿನ್ನುತ್ತ, ಅಂಗಡಿ ನೋಡಿಕೊಳ್ಳುತ್ತ, ಫೋಟೋಗಳನ್ನು ಸೊಟ್ಟಗೆ ಕತ್ತರಿಸುತ್ತ ಇದ್ದೇನೆ.

ಮೊನ್ನೆ ಕಂಪನಿಯಿಂದ ಮೇಲ್ ಬಂತು. ನಾನು ಕಳಿಸಿದ್ದರಲ್ಲಿ ಒಂದೇ ಒಂದು ದೃಶ್ಯ ಆಯ್ಕೆಯಾಗಿದೆ, ತಾಂತ್ರಿಕವಾಗಿ ಯಾವ ದೋಷವೂ ಇಲ್ಲ, ಇದೇ ಅಜ್ಜಿಯ ಇನ್ನಷ್ಟು ದೃಶ್ಯಗಳನ್ನು ತೆಗೆದು ಬೇಗ ಕಳುಹಿಸಿ ಎಂದು ಬರೆದಿದ್ದರು. ಸಂತೋಷವೋ ಸಂಕಟವೋ ತಿಳಿಯದೆ ಹೊಂಗಡಹಳ್ಳಕ್ಕೆ ಫೋನ್ ಮಾಡಿ ಶೀಲಾಳಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವ್ವನ್ನ ಕೇಳಿ ಹೇಳ್ತೀನಿ," ಅಂದು ಫೋನ್ ಇಟ್ಟಳು.