ತುಪ್ಪದ ಗಿಂಡಿ ಮತ್ತು ನಾಲ್ಕರ ಎಣಿಕೆ

ಕಾಚಿಗೂಡದ ಕನ್ನಡ ಮಂದಿಯ ಆರಾಧನೆ ಪಂಕ್ತಿಯಲ್ಲಿ ದತ್ತಾತ್ರೇಯರಾಯರು ತುಪ್ಪ ಬಡಿಸುವುದೆಂದರೆ ಒಂದು ದಂತಕಥೆ. ಸರ್ಕಾರಿ ನೌಕರಿಯಲ್ಲಿ ಒಂದೇ ಒಂದು ಫೈಲನ್ನೂ ಅವಸರದಿಂದ ಮುಂದೆ ದೂಡದ ಮನುಷ್ಯ, ಗಿಂಡಿ ಕೈಗೆ ಬಂತೆಂದರೆ ಸಿಡಿಲು. ನೂರು ಎಲೆಗೆ ನೂರು ಸಲ ಬಾಗಿ, ಸಾರು ಬರುವುದರೊಳಗೆ ಅಡುಗೆಮನೆ ಸೇರಿರುತ್ತಿದ್ದರು. ತುಪ್ಪ ಬಿದ್ದದ್ದನ್ನು ಕಣ್ಣಾರೆ ಕಂಡವರಿಲ್ಲ. ವಾಸನೆಯ ಮೇಲೆ ನಂಬಿಕೆಯಿಟ್ಟು ಉಂಡವರೇ ಎಲ್ಲ.

ಇಂಥ ವೀರನ ಸೊಂಟ, ಆರಾಧನೆಗೆ ಹದಿನೈದು ದಿನ ಇರುವಾಗ ಹಿಡಿದುಕೊಂಡಿತು. ವ್ಯಾಯಾಮ ಶುರುವಾಯಿತು, ಜೊತೆಗೆ ಹೆಂಡತಿ ಕೃಷ್ಣಾಬಾಯಿಯ ತಕರಾರೂ.

ಕೃಷ್ಣಾಬಾಯಿ: ಆಕಿ ಬಾಗ್ರಿ ಅಂತ ಹೇಳಿದ್ದು ಹತ್ತು ಸಲ. ನೀವು ನೂರಾ ಎಂಟು ಬಾಗೀರಿ. ಅದೂ ಕುಕ್ಕರ್ ಮೂರು ಸೀಟಿ ಹೊಡಿಯೂದರೊಳಗ.

ದತ್ತಾತ್ರೇಯ: ಹತ್ತು ಅನ್ನೂದು ರೋಗಿಗಳಿಗೆ. ಆರಾಧನಿ ಸಲುವಾಗಿ ಮಾಡೂದು ನೂರಾ ಎಂಟಕ್ಕ ಕಡಿಮಿ ಆಗ್ತದೇನು?

ಕೃಷ್ಣಾಬಾಯಿ: ಮತ್ತ ಈಗ್ಯಾಕ ಕಪಾಟ ಹಿಡಕೊಂಡು ನಿಂತೀರಿ?

ದತ್ತಾತ್ರೇಯ: ಕಪಾಟ ಅಲುಗಾಡ್ಲಿಕ್ಕತ್ತಿತ್ತು.

‘ಆಕಿ’ ಎಂದರೆ ಧನಶ್ರೀ. ಕೊಂಡಾಪುರದಿಂದ ಸ್ಕೂಟಿಯ ಮೇಲೆ ಮನೆಗೇ ಬಂದು ವ್ಯಾಯಾಮ ಹೇಳಿಕೊಡುವ ಫಿಜಿಯೊಥೆರಪಿಸ್ಟ್. ಕೃಷ್ಣಾಬಾಯಿಗೆ ಚಿಂತೆ ಸೊಂಟದ್ದಷ್ಟೇ ಅಲ್ಲ. ಈ ಸಲ ಗಿಂಡಿ ಕೈತಪ್ಪಿದರೆ ಅದು ಹೋಗುವುದು, ಬಹುದಿನದಿಂದ ಅದರ ಮೇಲೆ ಕಣ್ಣಿಟ್ಟಿರುವ ಸೂರ್ಯನಾರಾಯಣನ ಕೈಗೆ. ಆತ ಆಗಲೇ ಎರಡು ಸಲ ಫೋನ್ ಮಾಡಿ, ಜೇನು ಸುರಿಯುವ ದನಿಯಲ್ಲಿ ರಾಯರ ಸೊಂಟದ ಯೋಗಕ್ಷೇಮ ವಿಚಾರಿಸಿದ್ದ. ಗಿಂಡಿ ಹೋದರೆ ಈ ಗಂಡ ಮುಂದಿನ ಆರಾಧನೆಯವರೆಗೂ ಮುಖ ಗಂಟಿಕ್ಕಿಕೊಂಡು ಮನೆಯಲ್ಲಿ ಕೂತಿರುತ್ತಾರೆ; ಅದನ್ನು ನೋಡುತ್ತ ಕೂಡಬೇಕಾದವಳು ತಾನು.

ಅಷ್ಟರಲ್ಲಿ ಧನಶ್ರೀ ಬಂದಳು. ಮಾಡಿ ತೋರಿಸಿರೆಂದಳು. ರಾಯರು ತೋರಿಸಿದರು: ಮೊಣಕಾಲು ಕೋಲು, ಬೆನ್ನು ಬಿಲ್ಲು, ಬಾಯಲ್ಲಿ ‘ಹಾ’.

ಧನಶ್ರೀ: ಕಾಕಾ, ಹಿಂಗ ಬಾಗೂದಾದ್ರ ಹತ್ತೂ ಬ್ಯಾಡ, ಒಂದೂ ಬ್ಯಾಡ. ಎಷ್ಟು ಸಲ ಅಂತ ಸೊಂಟ ಕೇಳೂದಿಲ್ಲ. ಹ್ಯಾಂಗ ಬಾಗಿದಿ ಅಂತ ಕೇಳ್ತದ.

ದತ್ತಾತ್ರೇಯ: ಮಂತ್ರಾನೂ ನಾ ಹಿಂಗ ಲಗೂ ಲಗೂ ಹೇಳ್ತೀನಿ. ದೇವರು ಇಲ್ಲೀತನಕ ತಕರಾರು ಮಾಡಿಲ್ಲ.

ಕೃಷ್ಣಾಬಾಯಿ: ದೇವರಿಗೆ ಸೊಂಟನೋವಿಲ್ಲ.

ಧನಶ್ರೀ ನಗಲಿಲ್ಲ. ಗಿಂಡಿಗೆ ನೀರು ತುಂಬಿಸಿ, ಹಾಲ್‌ನಲ್ಲಿ ಎಲೆಯ ಬದಲು ನಾಲ್ಕು ತಟ್ಟೆ ಹಾಕಿಸಿದಳು. ಕಾಲು ಅಗಲಿಸಬೇಕು, ಮೊಣಕಾಲು ಸಡಿಲ ಬಿಡಬೇಕು, ಹಿಂದೆ ಕುರ್ಚಿ ಇದೆಯೆಂಬಂತೆ ಸೊಂಟ ಹಿಂದಕ್ಕೆ ಒಯ್ಯಬೇಕು, ಬೆನ್ನು ನೆಟ್ಟಗಿರಬೇಕು.

ಧನಶ್ರೀ: ಇಳೀಲಿಕ್ಕೆ ನಾಲ್ಕು ಎಣಸ್ರಿ, ಕೆಳಗ ನಿಂತು ನಾಲ್ಕು, ಏಳ್ಲಿಕ್ಕೆ ನಾಲ್ಕು. ಸಣ್ಣಗ ಸೆಳದ್ರ ಹೆದರಬ್ಯಾಡ್ರಿ. ಚುಚ್ಚಿದಂಗಾದ್ರ ಅಲ್ಲೇ ನಿಲ್ಲಸ್ರಿ.

ದತ್ತಾತ್ರೇಯ: ಅಷ್ಟು ಎಣಸೂದರಾಗ ನಾ ಒಂದು ಸಾಲು ಮುಗಸ್ತೀನಿ ತಂಗಿ.

ಧನಶ್ರೀ: ಮುಗಸ್ರಿ, ನೋಡೋಣು.

ಮೂರನೆಯ ತಟ್ಟೆಯ ಹತ್ತಿರ ರಾಯರು ಬಾಗಿದವರು ಬಾಗಿದಂತೆಯೇ ಉಳಿದರು. ಅಲ್ಲಿಂದಲೇ, ತಲೆಯೆತ್ತದೆ, ಎಣಿಕೆ ಒಂದರಿಂದ ಶುರುವೋ ಸೊನ್ನೆಯಿಂದಲೋ ಎಂದು ಕೇಳಿದರು.

ಅಂದಿನಿಂದ ದಿನಾ ಹತ್ತೇ ಸಲ. ಕೃಷ್ಣಾಬಾಯಿ ಲಟ್ಟಣಿಗೆ ಹಿಡಿದು ಕಾವಲು. ತಟ್ಟೆ ತುಂಬಿ ನೀರು ಹಾಲ್‌ನ ತುಂಬ ಹರಿಯುತ್ತಿತ್ತು. ಸೊಂಟ ನೋಯಲಿಲ್ಲವೆಂಬ ಸಂತೋಷದಲ್ಲಿ ಆಕೆ ಅದನ್ನು ಒರೆಸಿದ್ದೇ ಒರೆಸಿದ್ದು, ಬೇರೇನೂ ಹೊಳೆಯಲಿಲ್ಲ.

ಆರಾಧನೆ ಬಂತು. ಹೆಂಗಸರ ಸಾಲಿನಿಂದ ಕೃಷ್ಣಾಬಾಯಿ ಕತ್ತು ಚಾಚಿ ನೋಡಿದರು. ಮೊದಲ ಎಲೆ. ಕಾಲು ಅಗಲ, ಸೊಂಟ ಹಿಂದೆ, ಬೆನ್ನು ನೆಟ್ಟಗೆ. ರಾಯರ ತುಟಿ ಮೆಲ್ಲಗೆ ಅಲುಗುತ್ತಿತ್ತು. ಜಪವೆಂದುಕೊಂಡು ಉಣ್ಣುವವರು ಕೈಮುಗಿದರು. ಗಿಂಡಿಯ ಮೂತಿಯಿಂದ ತುಪ್ಪದ ಧಾರೆ ಇಳಿಯಿತು, ಇಳಿಯುತ್ತಲೇ ಇತ್ತು. ಅನ್ನದ ಗುಡ್ಡ ಮುಳುಗಿತು, ಪಲ್ಯ ತೇಲಿತು. ಗಿಂಡಿ ಮೇಲೆ ಗಿಂಡಿ ಖಾಲಿಯಾಗಿ, ಮೂವತ್ತೆರಡನೆಯ ಎಲೆಗೆ ನೂರು ಮಂದಿಯ ತುಪ್ಪ ತೀರಿತು. ಸೂರ್ಯನಾರಾಯಣ ಡಬ್ಬಿ ಹಿಡಿದು ಬಜಾರಿಗೆ ಓಡಿದ.

ಊಟ ಮುಗಿದ ಮೇಲೆ ಪಂಕ್ತಿಯ ಹಿರಿಯರೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು ರಾಯರ ಕೈ ಹಿಡಿದರು. ಇಪ್ಪತ್ತೈದು ವರ್ಷದಲ್ಲಿ ಇಂಥ ಧಾರಾಳ ಕೈ ಕಂಡಿಲ್ಲ, ಏನು ವ್ರತ ಹಿಡಿದಿರಿ ಎಂದು ಕೇಳಿದರು.

ದತ್ತಾತ್ರೇಯ: ವ್ರತ ಏನಿಲ್ರಿ. ನಾಲ್ಕು ಎಣಸೂದರೊಳಗ ಎದ್ರ ಸೊಂಟ ಹಿಡೀತದ.