ಅಪ್ರೂವಲ್ ಮಾಸ್ತರ

ಬೇಡ ಅಂದರೂ ಇಂಥವು ನನ್ನ ಮೇಜಿಗೇ ಬಂದು ಬೀಳುತ್ತವೆ. ಒಮಾನ್ ದೇಶದ ರುಸೈಲಿನ ಪೈಪ್ ಕಾರ್ಖಾನೆಯೊಂದರಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಬಂದ ಕಾಗದಕ್ಕೆ ನಂಬರ್ ಹಾಕುವುದು, ಸಹಿ ಮಾಡಬೇಕಾದವರ ಮುಂದೆ ಇಡುವುದು, ಸಹಿಯಾದ ಮೇಲೆ ಸೀಲ್ ಒತ್ತಿ ಕಪಾಟಿಗೆ ಸೇರಿಸುವುದು. ಇಷ್ಟು ನಿರುಪದ್ರವಿ ಕೆಲಸ ಮಾಡುವವನನ್ನು ಜಗತ್ತು ಅವನ ಪಾಡಿಗೆ ಬಿಡಬೇಕಿತ್ತು. ಎಣ್ಣೆಯ ಬೆಲೆ ಬಿದ್ದ ಆ ವರ್ಷಗಳಲ್ಲಿ ಬಿಡಲಿಲ್ಲ.

೧. ಮಾಸ್ತರಿಕೆ

ಪೈಪ್ ಕೊಳ್ಳುವವರೇ ಇಲ್ಲದ ಹೊತ್ತಿನಲ್ಲಿ, ಒಳ್ಳೆಯ ದಿನಗಳಲ್ಲಿ ಆರ್ಡರ್ ಮಾಡಿದ್ದ ಹೊಸ ಯಂತ್ರ ಚೀನಾದಿಂದ ಬಂತು. ಜೊತೆಗೆ ಅದನ್ನು ಕೂರಿಸಲು ಹನ್ನೆರಡು ಜನ ಬಂದರು. ಪಾಪ, ಕೆಲಸದಲ್ಲಿ ಹುಲಿಗಳು. ನಕ್ಷೆಗೆ ಅಪ್ರೂವಲ್ ಸಿಗುವ ಮೊದಲೇ ವಾರದೊಳಗೆ ಅರ್ಧ ಯಂತ್ರ ಬೋಲ್ಟ್ ಮಾಡಿ ನಿಲ್ಲಿಸಿದರು. ನಕ್ಷೆ ಒಪ್ಪಬೇಕಾದ ಕನ್ಸಲ್ಟೆಂಟ್ ಬಂದು ಅಷ್ಟನ್ನೂ ಬಿಚ್ಚಿಸಿದ.

ಮರುದಿನ ಎಚ್.ಆರ್. ಮ್ಯಾನೇಜರ್ ಕರೆದರು. ಮೈಸೂರಿನವರು, ಕೆಟ್ಟ ಸುದ್ದಿಯನ್ನೂ ಬಹುವಚನದಲ್ಲೇ ಹೇಳುವ ಮನುಷ್ಯ.

"ಸರ್, ಇಂಗ್ಲಿಷ್ ಕಲಿಸೋಕೆ ಬರ್ತಿದ್ದವರನ್ನ ನಿಲ್ಲಿಸಿಬಿಟ್ಟಿದೀವಿ. ದಿನಾ ಮಧ್ಯಾಹ್ನ ಒಂದು ಗಂಟೆ ನೀವೇ ಆ ಚೀನಾದವರಿಗೆ ಹೇಳ್ಕೊಡಿ."

"ನನಗ ಬರೋದು ಬರೇ ಕಾಗದದ ಇಂಗ್ಲಿಷ್ ರೀ."

"ಅಷ್ಟೇ ಬೇಕಾಗಿರೋದು. ಅಪ್ರೂವಲ್ ಅನ್ನೋ ಒಂದು ಪದ ತಲೆಗೆ ಹೋದ್ರೆ ಸಾಕು. ಹೇಗೂ ನಿಮ್ಮ ಹೆಸರನ್ನ ಈ ತಿಂಗಳಿಂದ ಅವರ ಪ್ರಾಜೆಕ್ಟಿಗೇ ಸೇರಿಸಿದೀವಿ."

ಹೀಗೆ ಊಟದ ಹೊತ್ತಿನಲ್ಲಿ ನಾನು ಮಾಸ್ತರನಾದೆ. ಬೋರ್ಡಿನ ಮೇಲೆ ಅಪ್ರೂವಲ್ ಎಂದು ಬರೆದೆ. ಹನ್ನೆರಡೂ ಜನ ಫೋನಿನಲ್ಲಿ ಹುಡುಕಿದರು. ಅದಕ್ಕೆ ಚೀನೀ ಭಾಷೆಯಲ್ಲಿ ಒಂದು ಕಡೆ ಅನುಮತಿ ಎಂದಿತ್ತಂತೆ, ಇನ್ನೊಂದು ಕಡೆ ಮೆಚ್ಚುಗೆ ಎಂದು. ಯಾವುದು ಸರಿ ಎಂದು ಅವರ ಲೀಡರ್ ಕೇಳಿದ. ಐವತ್ತು ದಾಟಿದ, ಗಂಭೀರ ಮನುಷ್ಯ.

"ಈ ಆಫೀಸಿನಲ್ಲಿ ಮೆಚ್ಚುಗೆಗೂ ಅದಕ್ಕೂ ಸಂಬಂಧ ಇಲ್ಲ. ದೊಡ್ಡವರು ಕೊಡಬೇಕು, ಬರೆದು ಕೊಡಬೇಕು, ಮೇಲೆ ಸೀಲ್ ಇರಬೇಕು," ಎಂದೆ.

ಸೀಲ್ ಅಂದ ಕೂಡಲೇ ಹನ್ನೆರಡೂ ಮುಖ ಅರಳಿದವು. ಅವರ ಕಡೆಯೂ ಕೆಂಪು ಸೀಲ್ ಇಲ್ಲದ ಕಾಗದಕ್ಕೆ ಕಿಮ್ಮತ್ತಿಲ್ಲವಂತೆ. ಆ ಉತ್ಸಾಹದಲ್ಲಿ ಕೋಡುಗಳನ್ನೂ ಕಲಿಸಿದೆ. ಎ ಅಂದರೆ ಒಪ್ಪಿದೆ. ಬಿ ಅಂದರೆ ಒಪ್ಪಿದೆ, ಆದರೆ ಒಂದೆರಡು ಮಾತಿದೆ. ಸಿ ಅಂದರೆ ತಿದ್ದಿ ಮತ್ತೆ ತಾ. ನೋಡಿ ಹೇಳಲು ಹದಿನಾಲ್ಕು ದಿನ ಗಡುವು.

ಹಿಂದಿನ ಸಾಲಿನ ವೆಲ್ಡರ್ ಕೈ ಎತ್ತಿದ. "ಮದುವೆಗೆ ಹೆಂಡತಿಯ ಅಪ್ಪ ಕೊಡೋದೂ ಅಪ್ರೂವಲ್ಲಾ?"

"ಹೌದು, ಅದೂ ಅದೇ."

"ನನಗೆ ಅವರು ಇನ್ನೂ ಕೊಟ್ಟಿಲ್ಲ. ಮಗನಿಗೆ ಒಂಬತ್ತು ವರ್ಷ."

೨. ಬೆಂಕಿಯ ಡ್ರಿಲ್

ಮೂರನೆಯ ವಾರ ಬೆಂಕಿಯ ಡ್ರಿಲ್ ಇತ್ತು. ಸೈರನ್ ಕೂಗಿತು, ನಾವೆಲ್ಲ ಅಂಗಳಕ್ಕೆ ಓಡಿ ಬಿಸಿಲಲ್ಲಿ ನಿಂತೆವು. ಎಣಿಸಿದರೆ ಹನ್ನೆರಡು ತಲೆ ಕಡಿಮೆ.

ಸೇಫ್ಟಿ ಆಫೀಸರ್ ಒಳಗೆ ಓಡಿಹೋಗಿ ಬೆವರು ಸುರಿಸುತ್ತ ಹೊರಗೆ ಬಂದ. "ಆಪ್ ಕೇ ಸ್ಟೂಡೆಂಟ್ ಬೈಠೇ ಹೈಂ! ಉಠ್ತೇ ನಹೀಂ!"

ಒಳಗೆ ಹೋದೆ. ಸೈರನ್ ಕಿವಿ ಹರಿಯುತ್ತಿದೆ, ಇವರು ಯಂತ್ರದ ಸುತ್ತ ಕೈಕಟ್ಟಿ ಕೂತಿದ್ದಾರೆ. "ಹೊರಗೆ ಬರ್ರಿ!" ಎಂದು ಕಿರುಚಿದೆ.

ಲೀಡರ್ ಶಾಂತವಾಗಿ ಕೇಳಿದ, "ಕೆಲಸದ ಜಾಗ ಬಿಡಬೇಕಾ? ಅಪ್ರೂವಲ್ ಎಲ್ಲಿ? ಬಾಯಲ್ಲಿ ಹೇಳಿದ್ದು ಅಪ್ರೂವಲ್ ಅಲ್ಲ ಅಂತ ನೀವೇ ಹೇಳಿದ್ದೀರಿ."

ಮೇಲಿನ ಮಹಡಿಗೆ ಹೋಗಿ 'ಹೊರಗೆ ಹೋಗಬಹುದು' ಎಂದು ಬರೆದು, ನಂಬರ್ ಹಾಕಿ, ಸೀಲ್ ಒತ್ತಿ ತಂದೆ. ಸಾಲಾಗಿ ಎದ್ದು ಬಂದರು. ನಿಜವಾದ ಬೆಂಕಿ ಬಿದ್ದಿದ್ದರೆ ಎಂದು ಸೇಫ್ಟಿ ಆಫೀಸರ್ ನನ್ನನ್ನೇ ಬೈದ. ಲೀಡರ್ ಮಾತ್ರ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತ, "ಒಂದು ಕಾಪಿ ನಿಮ್ಮ ಫೈಲಿಗೂ ಬೇಕಲ್ಲವಾ?" ಎಂದು ನೆನಪಿಸಿದ.

೩. ಶುಕ್ರವಾರದ ಊಟ

ಊರು ಬಿಟ್ಟು ಬಂದವನು, ಮನೆಯೂಟ ಕಂಡು ಎಷ್ಟು ದಿನವಾಯಿತೋ ಎಂದು ಒಂದು ಶುಕ್ರವಾರ ಲೀಡರನನ್ನು ಮನೆಗೆ ಕರೆದೆ. ಹೆಂಡತಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದ್ದಳು. ಅವನು ಕಣ್ಣೀರು ಒರೆಸಿಕೊಳ್ಳುತ್ತ ನಾಲ್ಕು ರೊಟ್ಟಿ ತಿಂದ.

ಮೂಲೆಯಲ್ಲಿ ಪುಸ್ತಕ ಹರಡಿ ಕೂತಿದ್ದ ಮಗಳನ್ನು ನೋಡಿ ಯಾರೆಂದು ಕೇಳಿದ. "ಮಗಳು. ಹನ್ನೆರಡನೇ ಕ್ಲಾಸು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ," ಎಂದೆ.

ತಟ್ಟನೆ ದನಿ ತಗ್ಗಿಸಿದ. ಅವರ ದೇಶದಲ್ಲಿ ಈ ವಯಸ್ಸಿನ ಪರೀಕ್ಷೆಯ ದಿನ ಶಾಲೆಯ ರಸ್ತೆಯಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲವಂತೆ. ಆಮೇಲೆ ನೀರು ಬೇಕಾದರೂ ಕೈಸನ್ನೆಯಲ್ಲೇ ಕೇಳಿದ. ಮಗಳು ತಲೆ ಎತ್ತಿ, "ಅಪ್ಪಾ, ಹೀ ಈಸ್ ಸೋ ಸ್ವೀಟ್," ಎಂದಳು.

ಹೊರಡುವಾಗ ಜೇಬಿನಿಂದ ಖಾಲಿ ಚೀಟಿಯೊಂದನ್ನು ತೆಗೆದು ಬರೆದು, ಎರಡೂ ಕೈಯಲ್ಲಿ ಹಿಡಿದು ಹೆಂಡತಿಗೆ ಕೊಟ್ಟ. 'ಊಟ. ಕೋಡ್ ಬಿ. ಮೆಣಸಿನಕಾಯಿ ಪರಿಶೀಲಿಸುವುದು.' ಕೆಳಗೆ ಸಹಿ, ದಿನಾಂಕ.

ಹೆಂಡತಿ ಅದನ್ನು ಫ್ರಿಜ್ಜಿಗೆ ಅಂಟಿಸಿದಳು. "ಇಪ್ಪತ್ತು ವರ್ಷ ಆತು, ನೀವು ಒಂದ ಸಲನೂ ಬರದ ಕೊಟ್ಟಿಲ್ಲ ನೋಡ್ರಿ."

೪. ನನ್ನ ಕಾಗದ

ಅಕ್ಟೋಬರಿನಲ್ಲಿ ಜನರನ್ನು ಕಡಿಮೆ ಮಾಡುವ ಪಟ್ಟಿ ಬಂತು. ಮೈಸೂರಿನವರು ಕರೆಸಿ ಮೊದಲು ಕಾಫಿ ತರಿಸಿದರು. ಕಾಫಿ ನೋಡಿದಾಗಲೇ ನನಗೆ ಗೊತ್ತಾಯಿತು.

"ಸರ್, ನಿಮ್ಮ ಹೆಸರೂ ಬಂದಿದೆ. ಬೇಜಾರು ಮಾಡ್ಕೋಬೇಡಿ."

ಪ್ರಶ್ನೆ ಬೇಜಾರಿನದ್ದಲ್ಲ. ನನ್ನ ವೀಸಾ ಹೋದರೆ ಮನೆಯವರದ್ದೂ ಹೋಗುತ್ತದೆ. ಪರೀಕ್ಷೆಗೆ ಐದು ತಿಂಗಳಿರುವಾಗ ಹನ್ನೆರಡನೇ ಕ್ಲಾಸಿನ ಹುಡುಗಿಯನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ? "ಮಾರ್ಚ್ ಮುಗಿಯೋತನಾ ತಡೀರಿ," ಎಂದು ಕೇಳಿಕೊಂಡೆ.

"ನನ್ನ ಕೈಲಿಲ್ಲ ಸರ್. ಈ ಬಿಡುಗಡೆ ಫಾರ್ಮಿಗೆ ನಿಮ್ಮ ಪ್ರಾಜೆಕ್ಟ್ ಮುಖ್ಯಸ್ಥರ ಅಪ್ರೂವಲ್ ತಂದ್ಬಿಡಿ. ಆಮೇಲೆ ಒಂದು ತಿಂಗಳು, ಖಲಾಸ್."

ಕಾಗದದ ಮೇಲೆ ನಾನು ಚೀನೀಯರ ಪ್ರಾಜೆಕ್ಟಿನವನು. ಮುಖ್ಯಸ್ಥ ಅಂದರೆ ಲೀಡರ್. ನನ್ನನ್ನು ಕಳಿಸುವ ಕಾಗದಕ್ಕೆ ನಾನೇ ನಂಬರ್ ಹಾಕಿದೆ, ನಾನೇ ರಿಜಿಸ್ಟರಿನಲ್ಲಿ ಬರೆದೆ, ನಾನೇ ಒಯ್ದು ಕೊಟ್ಟೆ. ಎರಡು ದಿನ ಡ್ರಾಯರಿನಲ್ಲಿ ಮುಚ್ಚಿಡಬಹುದಿತ್ತು. ಹಾಳು ಅಭ್ಯಾಸ, ಕೈ ಕೇಳಲಿಲ್ಲ.

ಲೀಡರ್ ಫೋನು ಹಿಡಿದು ಅರ್ಧ ಗಂಟೆ ಓದಿದ. "ಈ ಕಾಗದದಲ್ಲಿ ದೊಡ್ಡವನು ನಾನಾ?"

"ಹೌದು, ನೀವೇ."

"ಹದಿನಾಲ್ಕು ದಿನ ಇದೆಯಾ?"

"ಇದೆ."

ಹದಿನಾಲ್ಕನೆಯ ದಿನ ಸಂಜೆ ಕೊಟ್ಟ. ಕೋಡ್ ಸಿ. 'ಒಂದು, ಮಗಳ ಪರೀಕ್ಷೆಯ ದಿನಾಂಕ ತೋರಿಸಿಲ್ಲ. ಎರಡು, ಬದಲಿ ಮಾಸ್ತರ ಯಾರೆಂದು ತೋರಿಸಿಲ್ಲ. ಮೂರು, ತಯಾರಿಸಿದವರು ಮತ್ತು ಪರಿಶೀಲಿಸಿದವರು ಒಬ್ಬರೇ.'

ಮೈಸೂರಿನವರು ಮೊದಲ ಎರಡಕ್ಕೆ ನಕ್ಕರು. ಮೂರನೆಯದಕ್ಕೆ ಬೆವೆತರು, ಎರಡೂ ಕಡೆ ಅವರದೇ ಸಹಿ ಇತ್ತು. ತಿದ್ದಿ ಕಳಿಸಿದರು. ಮತ್ತೆ ಹದಿನಾಲ್ಕು ದಿನ, ಮತ್ತೆ ಕೋಡ್ ಸಿ: ತಿದ್ದಿದ ಜಾಗಕ್ಕೆ ಸೀಲ್ ಇಲ್ಲ. ಮುಂದಿನ ಸಲ: ಸೀಲ್ ಓರೆಯಾಗಿದೆ.

"ಸರ್, ನೀವೇ ಸ್ವಲ್ಪ ಅವರಿಗೆ ಹೇಳಿ, ಬೇಗ ಕೊಡಲಿ," ಎಂದರು. ಹೋಗಿ ಹೇಳಿದೆ. ನನ್ನನ್ನು ಬೇಗ ತೆಗೆಯಿರಿ ಎಂದು ನಾನೇ ಅವಸರ ಮಾಡುವುದನ್ನು ಕೇಳಿ ಲೀಡರ್, "ಅವಸರಕ್ಕೆ ಬೇರೆ ಫಾರ್ಮ್ ಇದೆಯಾ?" ಎಂದ. ಇರಲಿಲ್ಲ.

ಮಗಳು ಕೊನೆಯ ಪೇಪರ್ ಬರೆದು ಬಂದ ದಿನ ಅವನೇ ನನ್ನ ಮೇಜಿಗೆ ಬಂದ. ಫಾರ್ಮನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಎಂಟನೆಯ ತಿದ್ದುಪಡಿ, ಕೋಡ್ ಎ. "ಪರೀಕ್ಷೆ ಹೇಗೆ ಬರೆದಳು?" ಎಂದಷ್ಟೇ ಕೇಳಿದ. ನನಗೆ ಅಳು ಬಂತು, ಅವನ ಮುಂದೆಯೇ ಅತ್ತೆ.

ಕಣ್ಣೊರೆಸಿಕೊಂಡು ಫಾರ್ಮ್ ಹಿಡಿದು ಎಚ್.ಆರ್. ಕೋಣೆಗೆ ಹೋದೆ. ಕುರ್ಚಿ ಖಾಲಿ, ಮೇಜು ಖಾಲಿ. ಫೋನ್ ಮಾಡಿದರೆ ಮೈಸೂರಿನವರು ಏರ್‌ಪೋರ್ಟಿನಲ್ಲಿದ್ದರು.

"ನಂದೂ ಬಂತು ಸರ್. ನನ್ನ ಫಾರ್ಮಿಗೆ ಯಾರೂ ಕಾಮೆಂಟೇ ಬರೀಲಿಲ್ಲ. ಒಂದೇ ದಿನಕ್ಕೆ ಕೋಡ್ ಎ."

ಪ್ರಯಾಣ ಸುಖಕರವಾಗಲಿ ಎಂದೆ. ಜನರಲ್ ಮ್ಯಾನೇಜರ್ ಬಳಿ ಫಾರ್ಮ್ ಒಯ್ದರೆ, ಇದು ಎಚ್.ಆರ್. ಕೆಲಸ, ನನ್ನದಲ್ಲ ಎಂದು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನಾತ್ರಿ? ಸಾಮಾನು ಕಟ್ಟಲೇನು?"

"ತಡಿ," ಎಂದೆ. "ನನ್ನ ಕೆಲಸದಿಂದ ತೆಗೀಬೇಕಂದ್ರ ಅವರು ಮೊದಲ ಒಬ್ಬರನ್ನ ಕೆಲಸಕ್ಕ ತಗೋಬೇಕು."