ನಮ್ಮವರ ‘ಠ್ರಂ ಠ್ರಂ’ನ ಮೂಲ ಸಂಶೋಧನೆ

ವರ್ಷದ ಪೂಜೆಗೆ ಏನೇನು ಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇಗರ್ಜಿಯಲ್ಲಿ ಪೂಜೆ, ಪಕ್ಕದ ಹಾಲ್‌ನಲ್ಲಿ ಊಟ, ಊಟಕ್ಕೆ ಮೊದಲು ನಮ್ಮವರ ಗಿಟಾರಿನ ಒಂದು ಸಣ್ಣ ತುಣುಕು. ಇಷ್ಟರಲ್ಲಿ ತಪ್ಪಾಗುವುದಕ್ಕೆ ಏನಿದೆ? ಏನೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ!

ನಮ್ಮವರು ಎಂದರೆ ನನ್ನ ಗಂಡ ಸಿರಿಲ್. ಹಗಲು ಬೆಳ್ಮಣ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದರು, ಸಂಜೆ ಮದುವೆಗಳ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದರು. ಹಾಡುಗಳೆಲ್ಲ ಬೇರೆಯವರವು. ಆದರೆ ಪ್ರತಿ ಮದುವೆಯಲ್ಲೂ ತಪ್ಪದೆ ಬಾರಿಸುತ್ತಿದ್ದ ಒಂದು ತುಣುಕು ಇತ್ತು: ಠ್ರಂ ಠ್ರಂ ಠಡಡಂ, ಠ್ರಂ ಠ್ರಂ ಠಂ. ಮತ್ತೆ ಅದೇ. ಮತ್ತೆ ಅದೇ. ಕಾಪುವಿನಿಂದ ಕಾರ್ಕಳದವರೆಗೆ ಅದನ್ನು ಕೇಳದ ಕಿವಿ ಕಡಿಮೆ.

ಅವರು ತೀರಿಕೊಂಡ ಮೇಲೆ ಅಂಗಿಗಳನ್ನು ಬೇಕಾದವರಿಗೆ ಕೊಟ್ಟೆ. ಚಪ್ಪಲಿ ಯಾರಿಗೂ ಹಿಡಿಸಲಿಲ್ಲ. ಅವರದೇ ಎಂದು ಹೇಳಿಕೊಳ್ಳಲು ಕೊನೆಗೆ ಉಳಿದದ್ದು ಆ ಠ್ರಂ ಠ್ರಂ ಒಂದೇ. ಫೋಟೋ ಎಲ್ಲರದೂ ಇರುತ್ತದೆ. ಠ್ರಂ ಠ್ರಂ ಎಲ್ಲರದೂ ಇರುವುದಿಲ್ಲ. ಅವರು ಹೋಗಿ ವರ್ಷ ತುಂಬುವ ಪೂಜೆಯ ದಿನ ಅದನ್ನು ಎಲ್ಲರೂ ಒಮ್ಮೆ ಗಂಭೀರವಾಗಿ ಕೂತು ಕೇಳಬೇಕು, ‘ಇದು ಸಿರಿಲ್ ಮಾಡಿದ್ದು’ ಎಂದು ಒಪ್ಪಬೇಕು. ನನ್ನ ಆಸೆ ಅಷ್ಟೇ.

ಮೊದಲ ಕೆಲಸವಾಗಿ ಅವರ ಆಂಪ್ಲಿಫೈಯರನ್ನು ಕಾರ್ಕಳಕ್ಕೆ ಒಯ್ದು ರಿಪೇರಿ ಮಾಡಿಸಿದೆ. ಅದರ ಸ್ಪೀಕರಿನ ಕಾಗದವನ್ನು ಹಿಂದೊಮ್ಮೆ ನಮ್ಮ ಮನೆಯ ಇಲಿ ತಿಂದುಹಾಕಿತ್ತು. ಅಂದಿನಿಂದ ಗಿಟಾರ್ ಮುಟ್ಟಿದರೆ ಸಾಕು, ಗಂಟಲು ಕಟ್ಟಿದ ಎಮ್ಮೆಯಂತೆ ಗೊರಗೊರ ಎನ್ನುತ್ತಿತ್ತು. ರಿಪೇರಿ ಮಾಡಿಸಿ ಎಂದು ನಾನು ಎಷ್ಟು ಹೇಳಿದರೂ ನಮ್ಮವರು ಕೇಳಿರಲಿಲ್ಲ. ಈಗ ಕೇಳದೆ ಇರಲು ಅವರೇ ಇರಲಿಲ್ಲವಲ್ಲ! ಹೊಸ ಕಾಗದ ಹಾಕಿಸಿದೆ. ಒರೆಸಿ, ಮೇಲೊಂದು ಕಸೂತಿಯ ಬಟ್ಟೆ ಹೊದಿಸಿದೆ.

ಎರಡನೆಯ ಕೆಲಸ, ಬಾರಿಸುವವರನ್ನು ಹುಡುಕುವುದು. ಮಣಿಪಾಲದಲ್ಲಿ ನಿಖಿಲ್ ಎಂಬ ಮೇಷ್ಟ್ರು ಕಾಲೇಜಿನ ಮಕ್ಕಳಿಗೆ ಗಿಟಾರ್ ಕಲಿಸುತ್ತಾರೆ ಎಂದು ತಿಳಿಯಿತು. ಗಿಟಾರ್ ಹೆಗಲಿಗೆ ಹಾಕಿ, ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಕೇಳಿದ: “ಅಮ್ಮಾ, ಪ್ರೋಗ್ರಾಂ ಎಲ್ಲಿ?”

ನಾನು ಗಂಭೀರವಾಗಿ “ಬೆಳ್ಮಣ್‌ನಲ್ಲಿ” ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ನಿಖಿಲ್ ಮೇಷ್ಟ್ರು ಜ್ಯೂಸ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ನನ್ನ ಫೋನಿನಲ್ಲಿದ್ದ ಹಳೆಯ ಮದುವೆಯ ರೆಕಾರ್ಡಿಂಗ್ ಕೇಳಿದರು. ತಲೆ ತೂಗಿದರು. ಮತ್ತೆ ಕೇಳಿದರು.

“ಒಳ್ಳೇ ರಿಫ್ ಆಂಟಿ.”

“ಅದೆಂತದು?”

“ಹೀಗೆ ಸಣ್ಣ ತುಣುಕನ್ನು ಮತ್ತೆ ಮತ್ತೆ ಬಾರಿಸುವುದಕ್ಕೆ ರಿಫ್ ಅಂತ ಹೇಳ್ತಾರೆ. ರಾಕ್ ಸಂಗೀತ ನಿಂತದ್ದೇ ಅದರ ಮೇಲೆ. ಇದು ಕೂಡ ಎಲ್ಲೋ ಹಳೇ ಇಂಗ್ಲಿಷ್ ರಾಕ್‌ನಿಂದ ಬಂದದ್ದಿರಬೇಕು.”

“ನಮ್ಮವರು ಕದ್ದದ್ದು ಅಂತ ಹೇಳ್ತೀರಾ?”

“ಕದ್ದದ್ದಲ್ಲ ಆಂಟಿ, ಬಂದದ್ದು.” ಅವರು ಪಾಪ, ತಾಳ್ಮೆಯಿಂದ ವಿವರಿಸಿದರು. ಅಮೆರಿಕದ ಹತ್ತಿಯ ಹೊಲಗಳಲ್ಲಿ ಬೆವರು ಸುರಿಸಿದ ಕಪ್ಪು ಜನರ ಹಾಡು ಬ್ಲೂಸ್. ಹಾಡುವವನು ಒಂದು ಸಾಲು ಹೇಳಿದರೆ ಗಿಟಾರ್ ಉತ್ತರ ಕೊಡುತ್ತಿತ್ತು, ಅದೇ ಉತ್ತರ, ಪುನಃ ಪುನಃ. ಆಮೇಲೆ ಕರೆಂಟಿನ ಗಿಟಾರ್ ಬಂತು, ರಾಕ್‌ನವರು ಆ ಉತ್ತರವನ್ನೇ ಎತ್ತಿ ಹಾಡಿನ ಎದುರಿಗೆ ಇಟ್ಟರು. “ಒಬ್ಬರಿಂದ ಇನ್ನೊಬ್ಬರು ತೆಗೆದುಕೊಂಡದ್ದೇ. ಮೊದಲು ಯಾರು ಬಾರಿಸಿದ್ದು ಅಂತ ದೇವರಿಗೇ ಗೊತ್ತು.”

“ದೇವರನ್ನು ಬಿಡಿ. ಇದು ಎಲ್ಲಿಂದ ಬಂತು?”

“ಅದನ್ನು ನೀವೇ ಹುಡುಕಬೇಕು ಆಂಟಿ” ಎಂದು ಅವರು ನಕ್ಕರು. ನನ್ನನ್ನು ಬಾಗಿಲ ಕಡೆ ಕಳಿಸಲು ಹೇಳಿದ ಮಾತು ಅದು. ನಾನು ಆಜ್ಞೆ ಎಂದು ಸ್ವೀಕರಿಸಿದೆ!

ಪೂಜೆಯ ದಿನ ಬಂದು ಬಾರಿಸಲು ಮೇಷ್ಟ್ರು ಒಪ್ಪಿದರು. ನಾನು ಹೊರಡುವ ಮೊದಲು ನಮ್ಮ ಆಂಪ್ಲಿಫೈಯರಿನಲ್ಲಿ ಒಮ್ಮೆ ಬಾರಿಸಿ ನೋಡಿದರು. ಕಾನ್ವೆಂಟಿನ ಹುಡುಗಿ ಪ್ರಾರ್ಥನೆ ಹೇಳಿದಂತೆ ಕೇಳಿಸಿತು.

“ರೆಕಾರ್ಡಿಂಗಿನಲ್ಲಿ ಇರುವ ಆ ಗೊರಗೊರ ಎಲ್ಲಿ ಹೋಯ್ತು?”

“ರಿಪೇರಿ ಮಾಡಿಸಿದೆ” ಎಂದೆ ಹೆಮ್ಮೆಯಿಂದ.

ಮೇಷ್ಟ್ರು ತಲೆಯ ಮೇಲೆ ಕೈ ಇಟ್ಟುಕೊಂಡರು. ಆ ಗೊರಗೊರಕ್ಕಾಗಿ ಫಾರಿನ್ನಿನಲ್ಲಿ ಹಳೇ ಕಾಲದ ಗಿಟಾರಿನವರು ಬೇಕೆಂದೇ ಸ್ಪೀಕರನ್ನು ಬ್ಲೇಡಿನಿಂದ ಕೊಯ್ಯುತ್ತಿದ್ದರಂತೆ. ನಮ್ಮ ಮನೆಯ ಇಲಿ ಅದನ್ನು ಪುಕ್ಕಟೆ ಮಾಡಿಕೊಟ್ಟಿತ್ತು. ಅದನ್ನು ನಾನು ಕಾಸು ಕೊಟ್ಟು ಸರಿ ಮಾಡಿಸಿಕೊಂಡು ಬಂದಿದ್ದೆ! ಕೊನೆಗೆ ಇಬ್ಬರೂ ಸೇರಿ ಹೊಸ ಕಾಗದವನ್ನು ಪೆನ್ಸಿಲಿನಿಂದ ಚುಚ್ಚಿದೆವು. ನಮ್ಮವರು ಮೇಲಿನಿಂದ ನೋಡುತ್ತಿದ್ದರೆ ಏನು ಹೇಳುತ್ತಿದ್ದರೋ. ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದರು, ಅದು ಇನ್ನೂ ಕೆಟ್ಟದು.

ಸಂಶೋಧನೆ ಕಾಪುವಿನಿಂದ ಆರಂಭವಾಯಿತು. ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಸುಧಾಕರ ಅಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತಾನೆ. ಸಿರಿಲ್ ಇದನ್ನು ಸ್ವತಃ ಮಾಡಿದ್ದು ಎಂದು ಅವನ ಬಾಯಿಂದ ಕೇಳಿದರೆ ಸಾಕು, ಮೇಷ್ಟ್ರ ಬಾಯಿ ಮುಚ್ಚಿಸಬಹುದು ಎಂಬುದು ನನ್ನ ಲೆಕ್ಕ.

“ಅಯ್ಯೋ ಬಾಯಿ, ಅದು ನಮ್ಮ ಇಂಜಿನಿನದ್ದು ಅಲ್ವಾ?” ಎಂದ ಸುಧಾಕರ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ‘ಬಾಯಿ’ ಎಂದೇ ಕರೆಯುವುದು. “ಸಿರಿಲ್ ಸಾರ್ ಇಲ್ಲೇ ಈ ಡಬ್ಬದ ಮೇಲೆ ಕೂತುಕೊಳ್ತಿದ್ದದ್ದು. ಕೇಳಿ ಬೇಕಾದರೆ.”

ಬೇಡ ಎನ್ನುವುದರೊಳಗೆ ಹಗ್ಗ ಎಳೆದೇಬಿಟ್ಟ. ಇಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಹಿಡಿಯಿತು. ಠ್ರಂ ಠ್ರಂ ಠಡಡಂ! ಹೊಗೆಯೆಲ್ಲ ನನ್ನ ಸೀರೆಗೆ. ದೇವರಾಣೆ, ಹಾಗೇ ಇತ್ತು!

“ಪೂಜೆಯ ದಿನ ಸಭೆಯಲ್ಲಿ ನನ್ನ ಹೆಸರು ಹೇಳ್ಬೇಕು ಬಾಯಿ. ಇಂಜಿನಿನದ್ದಲ್ಲ, ನನ್ನದು.”

ಕೆಮ್ಮುತ್ತಾ ಆಯಿತು ಎಂದೆ. ಅಲ್ಲಿಂದ ಏಳಬೇಕಿತ್ತಲ್ಲ!

ಮುಂದೆ ಬಜಗೋಳಿ. ನಮ್ಮವರ ಅಕ್ಕ ಸೆಸಿಲಿಯಾ ಅಲ್ಲಿದ್ದಾರೆ. ಒಡಹುಟ್ಟಿದವರು ತಮ್ಮನ ಪರ ನಿಲ್ಲದೆ ಇರುತ್ತಾರೆಯೇ?

“ಅವನಿಗೆಲ್ಲಿ ಸಂಗೀತ ಗೊತ್ತಿತ್ತು ಐರಿನ್?” ಎಂದರು ಸೆಸಿಲಿಯಾ ಅಕ್ಕ. “ಇಗರ್ಜಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವಳು ನಾನು. ಅವನು ಪಕ್ಕದಲ್ಲಿ ನಿಂತು ಪುಸ್ತಕದ ಹಾಳೆ ತಿರುಗಿಸ್ತಿದ್ದ, ಅದೂ ಎರಡೆರಡು ಒಟ್ಟಿಗೆ. ನೀನು ಹೇಳುವುದು ಈಸ್ಟರಿಗೆ ಮೊದಲಿನ ನಮ್ಮ ತಪಸ್ಸುಕಾಲದ ಹಾಡು. ಅವನು ಅದಕ್ಕೆ ಜ್ವರ ಬರಿಸಿದ, ಅಷ್ಟೇ.”

ಸಾಕ್ಷಿಯಾಗಿ ಹಾಡಿ ತೋರಿಸಿದರು. ಚರಣಗಳು ಮುಗಿಯುವ ಹಾಗೆ ಕಾಣಲಿಲ್ಲ. ನನ್ನ ದುರದೃಷ್ಟಕ್ಕೆ, ಸ್ವಲ್ಪ ಬೇಗ ಹಾಡಿದರೆ ಅದೂ ಠ್ರಂ ಠ್ರಂ ಠಡಡಂ!

“ಅಕ್ಕಾ, ನಿಮ್ಮ ಹೆಸರನ್ನು ಸಭೆಯಲ್ಲಿ ಹೇಳ್ತೇನೆ” ಎಂದೆ. ಬಜಗೋಳಿಯಿಂದ ಬಸ್ಸು ಹಿಡಿಯಬೇಕಾದರೆ ಬೇರೆ ದಾರಿ ಇರಲಿಲ್ಲ.

ಅಂದಿನಿಂದ ನನ್ನ ಬುದ್ಧಿ ಕೆಟ್ಟಿತು. ಮಿಕ್ಸಿ ಹಾಕಿದರೆ ಠ್ರಂ ಠ್ರಂ. ನೆರೆಮನೆಯವರು ಬಟ್ಟೆ ಒಗೆದರೆ ಠಡಡಂ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಅಂತೂ ಇಡೀ ತುಣುಕನ್ನೇ ಬಾರಿಸಿಕೊಂಡು ಹೋಗುತ್ತಿತ್ತು. ಇಡೀ ಜಿಲ್ಲೆ ಸೇರಿ ನನ್ನ ಗಂಡನಿಂದ ಅದನ್ನು ಕಿತ್ತುಕೊಳ್ಳುತ್ತಿದೆ ಎನ್ನಿಸಿತು. ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಅವರ ಫೋಟೋದ ಎದುರು ನಿಂತು ಕೇಳಿದೆ: “ಎಲ್ಲಿಂದ ತಂದಿರಿ ಮಾರಾಯ್ರೆ? ಒಂದು ಮಾತು ಹೇಳಿ ಹೋಗಬಾರದಿತ್ತಾ?” ಬದುಕಿದ್ದಾಗಲೇ ಕೇಳಿದ್ದಕ್ಕೆ ಉತ್ತರ ಕೊಡದ ಮನುಷ್ಯ, ಈಗ ಕೊಡುತ್ತಾರೆಯೇ?

ವರ್ಷದ ಪೂಜೆಯ ದಿನ ಬಂತು. ಪೂಜೆ ಚೆನ್ನಾಗಿ ಆಯಿತು. ಅದರಲ್ಲಿ ನನ್ನ ಕೈವಾಡವಿರಲಿಲ್ಲ. ಆಮೇಲೆ ಜನ ಹಾಲ್‌ಗೆ ಬಂದರು. ಎದುರು ಸಾಲಿನಲ್ಲಿ ಸುಧಾಕರ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಸೆಸಿಲಿಯಾ ಅಕ್ಕ, ಮಡಿಲಲ್ಲಿ ಹಾಡಿನ ಪುಸ್ತಕ. ವೇದಿಕೆಯ ಮೇಲೆ ನಿಖಿಲ್ ಮೇಷ್ಟ್ರು ಗಿಟಾರ್ ಹಿಡಿದು ಸಿದ್ಧ.

ಮೈಕಿನ ಎದುರು ನಿಂತಾಗ ನನಗೆ ಹೊಳೆಯಿತು, ಒಂದೇ ತುಣುಕನ್ನು ಇಬ್ಬರಿಗೆ ದಾನ ಮಾಡಿ, ಮೂರನೆಯದಾಗಿ ಗಂಡನಿಗೂ ಇಟ್ಟುಕೊಂಡಿದ್ದೇನೆ!

“ನಮ್ಮವರು ಸ್ವತಃ ಮಾಡಿದ ಒಂದು ಸಂಗೀತವನ್ನು ಈಗ…” ಎಂದು ಆರಂಭಿಸಿದೆ.

“ಸ್ವತಃ?” ಎಂದ ಸುಧಾಕರ ಎದ್ದು ನಿಂತು. “ಬಾಯಿ, ಕಾಪುವಿನಲ್ಲಿ ಎಂತ ಹೇಳಿದ್ದು ನೀವು?”

“ಕಾಪುವಿನಲ್ಲಿ ಎಂತ?” ಎಂದರು ಸೆಸಿಲಿಯಾ ಅಕ್ಕ. “ಅದು ದೇವರ ಹಾಡು.”

“ನಿಮ್ಮ ದೇವರು ಡೀಸೆಲ್ ಇಂಜಿನ್ ಇಟ್ಟಿದ್ರಾ ಅಕ್ಕ?”

“ಐರಿನ್, ಇವನಿಗೆ ಹೇಳು!”

ನಾನು ಫಾದರ್ ಕಡೆ ನೋಡಿದೆ. ಫಾದರ್ ಛಾವಣಿಯ ಫ್ಯಾನ್ ನೋಡುತ್ತಿದ್ದರು. ಸೆಸಿಲಿಯಾ ಅಕ್ಕ ಹಾಡಲು ಆರಂಭಿಸಿದರು. ಸುಧಾಕರ ಕುರ್ಚಿಯ ಬೆನ್ನಿನ ಮೇಲೆ ಇಂಜಿನ್ ಬಾರಿಸತೊಡಗಿದ. ಜಗಳ ನಿಲ್ಲಿಸಲು ನಿಖಿಲ್ ಮೇಷ್ಟ್ರು ನಡುವೆ ಬಂದು, “ನಿಜವಾಗಿ ಇದರ ಮೂಲ ಬ್ಲೂಸ್…” ಎಂದರು. ಇಬ್ಬರೂ ಒಟ್ಟಾಗಿ ಅವರ ಮೇಲೆ ಬಿದ್ದರು.

ಮೇಷ್ಟ್ರಿಗೂ ಸಾಕಾಗಿರಬೇಕು. ಮಾತು ಬಿಟ್ಟು ಗಿಟಾರಿಗೆ ಕೈ ಹಾಕಿದರು.

ಠ್ರಂ ಠ್ರಂ ಠಡಡಂ, ಠ್ರಂ ಠ್ರಂ ಠಂ.

ಪೆನ್ಸಿಲಿನಿಂದ ಚುಚ್ಚಿದ ಸ್ಪೀಕರ್ ಗೊರಗೊರ ಎಂದಿತು. ಅದೇ ಸದ್ದು! ಜಗಳ ಅಲ್ಲಿಗೇ ನಿಂತಿತು. ಮತ್ತೆ, ಯಾರೂ ಹೇಳದೆ, ಇಡೀ ಸಭೆ ಎದ್ದು ನಿಂತಿತು. ಮುದುಕರು, ಮಕ್ಕಳು, ಫಾದರ್ ಕೂಡ. ನನ್ನ ಕಣ್ಣು ತುಂಬಿ ಬಂತು. ಗೌರವ ಎಂದರೆ ಇದು! ಒಬ್ಬ ಮಂತ್ರಿಗೆ ಸಿಗುತ್ತದೆಯೇ ಇಂಥ ಗೌರವ?

ಸಭೆ ವೇದಿಕೆಗೆ ಬೆನ್ನು ತಿರುಗಿಸಿತು. ಸಾಲಾಗಿ ಹಿಂದಿನ ಮೇಜಿಗೆ ಹೋಗಿ ಪ್ಲೇಟು ತೆಗೆದುಕೊಂಡಿತು.

“ಯಾರು ಮಾರಾಯ್ರೆ ಅದನ್ನು ಬಾರಿಸಿದ್ದು?” ಅಡುಗೆಕೋಣೆಯಿಂದ ಸೌಟು ಹಿಡಿದು ಓಡಿ ಬಂದವರು ಊಟದ ಗುತ್ತಿಗೆಯ ಲಾರೆನ್ಸ್. “ನಾನು ಕೈ ಎತ್ತಲೇ ಇಲ್ಲ! ಮಾಂಸದ ಪಾತ್ರೆ ಇನ್ನೂ ಕಾರ್ಕಳದಿಂದ ಬರ್ತಾ ಉಂಟು!”

“ಕೈ ಎತ್ತುವುದೆಂದರೆ?” ಎಂದೆ.

“ಎಂತ ಬಾಯಿ, ನಿಮಗೆ ಗೊತ್ತಿಲ್ವಾ? ಮದುವೆಯಲ್ಲಿ ಊಟಕ್ಕೆ ಬನ್ನಿ ಅಂತ ಮೈಕಿನಲ್ಲಿ ಎಷ್ಟು ಕೂಗಿದರೂ ಒಬ್ಬರೂ ಬರ್ತಿರಲಿಲ್ಲ. ಎಲ್ಲ ಡ್ಯಾನ್ಸು! ಇಡ್ಲಿ ಹಾಗೆ ಮೆತ್ತಗೆ ಮಾಡಿದ ಸಾನ್ನಾ ಎಲ್ಲ ತಣ್ಣಗಾಗಿ ಕಲ್ಲು. ‘ಸಿರಿಲ್, ಎಂತಾದರೂ ಮಾಡು’ ಅಂದೆ. ಅವ ನಿಂತಲ್ಲೇ ಇದನ್ನು ಮಾಡಿದ. ಬಾರಿಸಿದ್ದೇ ತಡ, ಡ್ಯಾನ್ಸ್ ಬಂದ್! ಯಾಕೆ ಹೇಳಿ? ಇದಕ್ಕೆ ಯಾರಿಗೂ ಹೆಜ್ಜೆ ಹಾಕ್ಲಿಕ್ಕೆ ಆಗುವುದಿಲ್ಲ! ಆಮೇಲೆ ಎಲ್ಲಾ ಮದುವೆಯಲ್ಲೂ ನಾನು ಕೈ ಎತ್ತುವುದು, ಅವ ಬಾರಿಸುವುದು, ಜನ ಬರುವುದು.”

ಅಂದರೆ ಅದು ನಮ್ಮವರದೇ! ಹತ್ತಿಯ ಹೊಲದ್ದಲ್ಲ, ದೋಣಿಯದ್ದಲ್ಲ, ಸೆಸಿಲಿಯಾ ಅಕ್ಕನ ಹಾರ್ಮೋನಿಯಮ್ಮಿನದ್ದೂ ಅಲ್ಲ. ತಣ್ಣಗಾಗುತ್ತಿದ್ದ ಸಾನ್ನಾಗಳನ್ನು ಕಾಪಾಡಲು ನನ್ನ ಗಂಡ ಸ್ವತಃ ಮಾಡಿದ್ದು! ಇಡೀ ತಾಲೂಕಿನ ಮದುವೆಗಳಿಗೆ ಅವರು ಕೊಟ್ಟುಹೋದದ್ದು ಒಂದು ಊಟದ ಗಂಟೆ. ಇರಲಿ. ಗಂಟೆಯಾದರೂ ಅವರದೇ. ಇದನ್ನು ಈಗಲೇ ಮೈಕಿನಲ್ಲಿ ಘೋಷಿಸಬೇಕು ಎಂದುಕೊಂಡೆ.

“ಅದಿರಲಿ ಬಾಯಿ,” ಎಂದರು ಲಾರೆನ್ಸ್ ಸೌಟಿನಿಂದ ನನ್ನತ್ತ ತೋರಿಸುತ್ತಾ, “ಜನ ಬಂದದ್ದು ಸರಿ. ನೀವು ಎಂತಕ್ಕೆ ಪ್ಲೇಟು ಹಿಡಿದುಕೊಂಡು ನಿಂತಿದ್ದೀರಿ?”

ಕೆಳಗೆ ನೋಡಿದೆ. ಹೌದು. ವೇದಿಕೆಯಿಂದ ಯಾವಾಗ ಇಳಿದೆನೋ, ಪ್ಲೇಟು ಯಾವಾಗ ತೆಗೆದುಕೊಂಡೆನೋ ನನಗೇ ತಿಳಿಯದು. ಸಾಲಿನಲ್ಲಿ ಫಾದರ್ ಹಿಂದೆಯೇ ಇದ್ದೆ. ಎಷ್ಟೋ ಮದುವೆಗಳಲ್ಲಿ ಹೀಗೆಯೇ ಎದ್ದು ಬಂದಿರಬೇಕು. ಯಾಕೆ ಎದ್ದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅತ್ತ ಖಾಲಿ ಕುರ್ಚಿಗಳ ಎದುರು ನಿಖಿಲ್ ಮೇಷ್ಟ್ರು ಒಬ್ಬರೇ ಬಾರಿಸುತ್ತಲೇ ಇದ್ದರು. ಸಿರಿಲ್ ಆ ಮೂಲೆಯಲ್ಲಿ ನಿಂತು ಬಾರಿಸುತ್ತಿದ್ದಾರೆ, ನಾವೆಲ್ಲ ಊಟಕ್ಕೆ ನಿಂತಿದ್ದೇವೆ, ಅಷ್ಟೇ ಎನ್ನಿಸಿತು.

ಮತ್ತು ನನಗೆ ಹಸಿವಾಗಿತ್ತು. ಅವರು ಹೋದ ಮೇಲೆ ಹೊತ್ತಾಯಿತೆಂದು ಉಣ್ಣುತ್ತಿದ್ದೆನೇ ಹೊರತು, ಹೀಗೆ ಹೊಟ್ಟೆ ಚುರುಗುಟ್ಟುವ ಹಸಿವು ಆಗಿರಲಿಲ್ಲ. ಕಣ್ಣೊರೆಸಲು ಸೆರಗು ಎತ್ತಿದೆ. ಸೆರಗಿನ ಬದಲು ಪ್ಲೇಟು ಮುಖಕ್ಕೆ ಬಡಿಯಿತು!

“ಬಾಯಿ, ಮುಂದೆ ಹೋಗಿ” ಎಂದ ಹಿಂದೆ ನಿಂತಿದ್ದ ಸುಧಾಕರ. “ಕ್ಯೂ ನಿಂತಿದೆ.”

ಮುಂದೆ ಹೋದೆ. ಮೇಜಿನ ಮೇಲೆ ಒಂದು ತಟ್ಟೆ ಉಪ್ಪಿನಕಾಯಿ ಇತ್ತು. ಬೇರೇನೂ ಇರಲಿಲ್ಲ. ಅದನ್ನೇ ಹಾಕಿಕೊಂಡೆ.